ಹಾವೇರಿ ಸ್ಟೇಷನ್ ಬೋರ್ಡಿನ ಮೇಲಿನ ಮೈಲಾರ ಮಹಾದೇವಪ್ಪ

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದ ನಮ್ಮ ಚಿಕ್ಕೇರೂರು ಕಡೆಯವರು ಇಳಿಯುವುದು ರಾಣೆಬೆನ್ನೂರಿನಲ್ಲಿ, ಇಲ್ಲವೇ ಹಾವೇರಿಯಲ್ಲಿ. ಹಾವೇರಿಯಲ್ಲಿ ನಿದ್ದೆಗಣ್ಣಲ್ಲಿ ಬ್ಯಾಗ್ ಎತ್ತಿಕೊಂಡು ಇಳಿದರೆ ಹಳದಿ ಬೋರ್ಡಿನ ಮೇಲೆ ಊರಿನ ಹೆಸರಿನ ಜೊತೆಗೆ ಈಗ ಇನ್ನೊಂದು ಹೆಸರೂ ಇದೆ. ಮಹದೇವಪ್ಪ ಮೈಲಾರ. ನಾವು ಊರ ಕಡೆ ಮೈಲಾರ ಮಹಾದೇವಪ್ಪ ಅಂತ ಕರೆಯುವುದು ಇವರನ್ನೇ. ಆ ಹೆಸರಿಟ್ಟಿದ್ದು ಸರಿಯಾಗೇ ಇದೆ, ತಕರಾರಿಲ್ಲ. ಆದರೆ ಬೋರ್ಡ್ ನೋಡಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. 1942ರ ಕೊನೆಯ ತಿಂಗಳುಗಳಲ್ಲಿ ಈ ಮನುಷ್ಯ ಹಾವೇರಿ ಸೀಮೆಯ ಯಾವ ಸ್ಟೇಷನ್ನಿನಲ್ಲಿ ಕಾಲಿಟ್ಟಿದ್ದರೂ ಪೊಲೀಸರು ಹಿಡಿದು ಒಳಗೆ ಹಾಕುತ್ತಿದ್ದರು. ಆಗ ಈ ಭಾಗದ ಭೂಗತ ತಂಡಗಳು ಹಾಳುಗೆಡವುತ್ತಿದ್ದದ್ದೇ ರೈಲು ನಿಲ್ದಾಣ, ತಂತಿ ಕಂಬ, ಟಪಾಲು ಚೀಲ, ಚಾವಡಿಯ ಕಾಗದಪತ್ರ.

ಬೋರ್ಡಿನಲ್ಲಿ ಅಷ್ಟೆಲ್ಲ ಬರೆಯೋಕೆ ಜಾಗ ಇಲ್ಲ ಬಿಡಿ. ಆದರೆ ಬೋರ್ಡಿನಾಚೆಗೂ ನಮಗೆ ಮಹಾದೇವಪ್ಪ ಅಂದರೆ ಎರಡೇ ಚಿತ್ರ. ದಂಡಿಯಲ್ಲಿ ಗಾಂಧೀಜಿ ಹಿಂದೆ ನಡೆದ ಹುಡುಗ, ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದ ಹುತಾತ್ಮ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದೂ ಇಷ್ಟೇ. ಈ ಎರಡರ ನಡುವೆ ಹದಿಮೂರು ವರ್ಷ ಇದೆ. ಆ ಹದಿಮೂರು ವರ್ಷವನ್ನು ಬಿಟ್ಟರೆ ಉಪ್ಪು ಹಿಡಿದ ಕೈ ಬಂದೂಕಿನ ಎದುರು ಹೋಗಿ ನಿಂತದ್ದು ಹೇಗೆ ಅನ್ನುವುದು ಅರ್ಥವಾಗುವುದೇ ಇಲ್ಲ.

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವ ಎಲ್ಲರೂ ನೋಡಿರುವ ಊರು. ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಆಗ ಇದೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಮಾರ್ತಾಂಡ ಅನ್ನುವುದೂ ಮೈಲಾರಲಿಂಗನದೇ ಇನ್ನೊಂದು ಹೆಸರು. ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿ ಕಾರಣಿಕ ಕೇಳೋಕೆ ಪ್ರತಿ ವರ್ಷ ಜನ ಸೇರುತ್ತಾರಲ್ಲ, ಆ ದೇವರು. ಅಂದರೆ ಅಪ್ಪನ ಹೆಸರಲ್ಲೂ ಮನೆತನದ ಹೆಸರಲ್ಲೂ ಒಬ್ಬನೇ ದೇವರಿದ್ದಾನೆ.

ಹದಿಹರೆಯ ಮುಗಿಯುವ ಮೊದಲೇ ಖಾದಿಯ ಸೆಳೆತಕ್ಕೆ ಬಿದ್ದ ಈ ಹುಡುಗ ಸಾಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಆಶ್ರಮದಿಂದ ಹೊರಟ ತಂಡದಲ್ಲಿ ಗಾಂಧೀಜಿಯ ಜೊತೆ ಇದ್ದ ಎಪ್ಪತ್ತೆಂಟು ಜನರಲ್ಲಿ ಇವರೊಬ್ಬರು. ಕನ್ನಡ ನಾಡಿನಿಂದ ಇವರೊಬ್ಬರೇ. ಆ ಪಟ್ಟಿಯಲ್ಲಿ ಮೈಲಾರ ಮಹಾದೇವಪ್ಪ ಅಂತ ಹುಡುಕಿದರೆ ಸಿಗುವುದಿಲ್ಲ. ಗುಜರಾತಿನ ರೂಢಿಯಂತೆ ಸ್ವಂತ ಹೆಸರಿನ ಮುಂದೆ ತಂದೆಯ ಹೆಸರು ಸೇರಿಸಿ ಮಹಾದೇವ ಮಾರ್ತಾಂಡ ಅಂತ ಬರೆದಿದ್ದಾರೆ. ವಯಸ್ಸು 18. ನಮ್ಮ ಭಾಷಣಗಳಲ್ಲಿ ಇವರನ್ನು ದಂಡಿ ಯಾತ್ರೆಯ ಅತಿ ಕಿರಿಯ ಸತ್ಯಾಗ್ರಹಿ ಅನ್ನುವುದು ವಾಡಿಕೆ. ಅದು ತಪ್ಪು. ಅದೇ ಪಟ್ಟಿಯಲ್ಲಿ ಹದಿನಾರರ ಹುಡುಗನೊಬ್ಬ ಇದ್ದಾನೆ. ಹದಿನೆಂಟಕ್ಕೆ ಆ ಸಾಲಿನಲ್ಲಿ ನಿಲ್ಲುವುದೇ ಸಾಕಷ್ಟು ದೊಡ್ಡದು, ಅದಕ್ಕೆ ಮತ್ತೆ ಮಸಾಲೆ ಅರೆಯುವುದು ಯಾಕೆ? ನಾನು ಹದಿನೆಂಟಕ್ಕೆ ಎಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್ ಸಾಲಿನಲ್ಲಿ ನಿಂತಿದ್ದೆ.

ಇಪ್ಪತ್ನಾಲ್ಕು ದಿನ, ಸುಮಾರು 385 ಕಿಲೋಮೀಟರ್. ಏಪ್ರಿಲ್ 6ರಂದು ದಂಡಿಯ ತೀರದಲ್ಲಿ ಉಪ್ಪು ಎತ್ತಿದರು. ನಡಿಗೆಯ ಕತೆ ಎಲ್ಲರಿಗೂ ಗೊತ್ತು. ಆ ನಡಿಗೆಯಿಂದ ಮಹಾದೇವಪ್ಪ ಏನು ಕಲಿತಿರಬಹುದು ಅನ್ನುವುದು ನನಗೆ ಹೆಚ್ಚು ಮುಖ್ಯ. ಉಪ್ಪಿನ ತೆರಿಗೆ ಸಾಮ್ರಾಜ್ಯದ ಬೊಕ್ಕಸದಲ್ಲಿ ದೊಡ್ಡ ಪಾಲೇನೂ ಆಗಿರಲಿಲ್ಲ. ಆದರೆ ಅದು ಪ್ರತಿ ಮನೆಯ ಒಲೆಯ ತನಕ ಬರುತ್ತಿತ್ತು. ಗುಡಿಸಿಲಿನ ಅಜ್ಜಿಯೂ ಗೌಡರ ಮನೆಯವರೂ ಒಂದೇ ದರದಲ್ಲಿ ಕಟ್ಟಬೇಕಿತ್ತು. ಸರ್ಕಾರ ಹಳ್ಳಿಯ ಮನುಷ್ಯನನ್ನು ಎಲ್ಲಿ ಮುಟ್ಟುತ್ತದೋ ಅಲ್ಲೇ ಅದನ್ನು ತಡೆಯಬೇಕು ಅನ್ನುವುದು ಆ ಹೋರಾಟದ ಲೆಕ್ಕ. ಮುಂದೆ ಮಹಾದೇವಪ್ಪ ಮಾಡಿದ್ದನ್ನೆಲ್ಲ ಈ ಲೆಕ್ಕ ಹಿಡಿದು ನೋಡಿದರೆ ತುಂಬ ಸಂಗತಿ ತಿಳಿಯಾಗುತ್ತದೆ ಅಂತ ನನಗನ್ನಿಸಿದೆ.

ನಮ್ಮ ಕಡೆ ಸರ್ಕಾರ ಜನರನ್ನು ಮುಟ್ಟುತ್ತಿದ್ದದ್ದು ಉಪ್ಪಿಗಿಂತ ಹೆಚ್ಚಾಗಿ ಭೂಕಂದಾಯದಲ್ಲಿ. ಮುಂಬಯಿ ಪ್ರಾಂತ್ಯದಲ್ಲಿ ರಯತವಾರಿ ಪದ್ಧತಿ. ನಡುವೆ ಜಮೀನ್ದಾರ ಇಲ್ಲ, ರೈತ ನೇರವಾಗಿ ಸರ್ಕಾರಕ್ಕೆ ಬಾಕಿದಾರ. ಊರ ಗೌಡ, ಕುಲಕರ್ಣಿ ಸೇರಿ ವಸೂಲಿ ಮಾಡುತ್ತಿದ್ದರು. ಕಟ್ಟದಿದ್ದರೆ ಮೊದಲು ಪಾತ್ರೆ ಪಗಡ, ದನ ಕರು, ಆಮೇಲೆ ಹೊಲವೇ ಜಪ್ತಿ.

ದಂಡಿಯ ನಂತರದ ಕಾನೂನುಭಂಗ ಚಳವಳಿ ಕರ್ನಾಟಕದಲ್ಲಿ ಎರಡು ಕವಲಾಯಿತು. ಸಮುದ್ರ ಇದ್ದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪು ತೆಗೆದರು. ಆಮೇಲೆ ಅಂಕೋಲೆ, ಸಿದ್ಧಾಪುರದ ಜೊತೆಗೆ ನಮ್ಮ ಹಿರೇಕೆರೂರು ತಾಲೂಕಿನಲ್ಲಿ ಕರನಿರಾಕರಣೆ ನಡೆಯಿತು. ಈ ಭಾಗಗಳಲ್ಲಿ ಕಂದಾಯ ಕಟ್ಟದ ನೂರಾರು ಕುಟುಂಬಗಳು ಹೊಲ ಮನೆ ಕಳೆದುಕೊಂಡವು. 1937ರಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಸರ್ಕಾರ ಮುಂಬಯಿಯಲ್ಲಿ ಬಂದ ಮೇಲೆ, ಹಾಗೆ ಮುಟ್ಟುಗೋಲಾದ ಜಮೀನು ಮರಳಿಸೋಕೆ ಕಾನೂನೇ ಮಾಡಬೇಕಾಯಿತು. ನಾನು ಬೆಳೆದದ್ದು ಇದೇ ತಾಲೂಕಿನಲ್ಲಿ. ಕರನಿರಾಕರಣೆಯ ಬಗ್ಗೆ ಒಂದು ಕಲ್ಲಾಗಲಿ ಫಲಕವಾಗಲಿ ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ಇದು ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ, ಪುಸ್ತಕ ಓದಿ.

ಮಹಾದೇವಪ್ಪ ಈ ಹೊತ್ತಿಗೆ ಜೈಲು ಕಂಡಿದ್ದರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿಗೆ ಹೋದರು, ಚಳವಳಿಗೆ ಇಳಿದರು, ಜೈಲಿಗೂ ಹೋದರು. 1930ರ ದಶಕದಲ್ಲಿ ಮೋಟೆಬೆನ್ನೂರಿನ ಸೊಸೆಯೊಬ್ಬರು ಭಾಷೆ ಬಾರದ ಊರಿನಲ್ಲಿ ಆಶ್ರಮವಾಸಿಯಾಗುವುದು ಸಣ್ಣ ಮಾತಲ್ಲ. ಗಂಡನ ಬಗ್ಗೆ ಬರೆದ ಕಡೆಯಲ್ಲೆಲ್ಲ ಅವರಿಗೆ ಒಂದೆರಡು ಸಾಲು ಸಿಗುತ್ತದೆ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ ಅನ್ನುವುದು ಗಮನಕ್ಕೆ ಬಂತು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಊರ ಕಡೆ ಮರಳಿದ ಮೇಲೆ ಇಬ್ಬರೂ ನೆಲೆ ನಿಂತದ್ದು ಹಾವೇರಿ ತಾಲೂಕಿನ ಕೊರಡೂರಿನಲ್ಲಿ. ವರದಾ ನದಿಯ ಸೀಮೆ. ಅಲ್ಲಿ ಸೇವಾಶ್ರಮ ಕಟ್ಟಿದರು. ನೂಲು ತೆಗೆಯುವುದು, ನೇಯುವುದು, ಅಕ್ಷರ ಕಲಿಸುವುದು, ಊರು ಚೊಕ್ಕ ಇಡುವುದು, ಅಸ್ಪೃಶ್ಯತೆಯ ವಿರುದ್ಧ ಕೆಲಸ. ಫೋಟೋ ತೆಗೆಸಿಕೊಳ್ಳುವಂಥ ಕೆಲಸ ಒಂದೂ ಇಲ್ಲ. ಆದರೆ ಸುತ್ತಲ ಹತ್ತಾರು ಹಳ್ಳಿಗಳಲ್ಲಿ ಯಾರ ಮನೆಯ ಕದ ನಡುರಾತ್ರಿಯಲ್ಲೂ ತೆರೆಯುತ್ತದೆ, ಯಾರ ಹೊಲದ ದಾರಿ ಎಲ್ಲಿಗೆ ಸೇರುತ್ತದೆ ಅನ್ನುವುದು ಇಂಥ ಕೆಲಸದಿಂದಲೇ ತಿಳಿಯುವುದು. 1942ರಲ್ಲಿ ಇದು ಕೆಲಸಕ್ಕೆ ಬಂತು.

ಆ ವರ್ಷ ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು ಆಯಿತು. ಮಾರನೇ ದಿನ ಬೆಳಗಾಗುವುದರೊಳಗೆ ಗಾಂಧೀಜಿ ಸೇರಿ ದೊಡ್ಡ ನಾಯಕರೆಲ್ಲ ಒಳಗೆ. ಹೀಗೆ ಮಾಡಿ, ಹೀಗೆ ಮಾಡಬೇಡಿ ಅಂತ ಹೇಳುವವರೇ ಹೊರಗಿರಲಿಲ್ಲ. ಹಳ್ಳಿಗಳ ತಂಡಗಳು ತಮ್ಮ ಬುದ್ಧಿಗೆ ತೋಚಿದಂತೆ ನಡೆದವು. ಧಾರವಾಡ ಜಿಲ್ಲೆಯಲ್ಲಿ ಭೂಗತ ಕೆಲಸ ಬಿರುಸಾಯಿತು. ಮಹಾದೇವಪ್ಪನವರ ತಂಡ ಅದರಲ್ಲಿ ಮುಂಚೂಣಿಯದು.

ಚಾವಡಿಯ ದಾಖಲೆಗಳಿಗೆ ಯಾಕೆ ಬೆಂಕಿ ಅನ್ನುವುದು ಇಂದಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಯಾರ ಹೆಸರಲ್ಲಿ ಎಷ್ಟು ಎಕರೆ, ಎಷ್ಟು ಬಾಕಿ ಅನ್ನುವುದೆಲ್ಲ ಆ ಬಹಿಗಳಲ್ಲೇ ಇರುತ್ತಿತ್ತು. ಅವು ಹೋದರೆ ಕುಲಕರ್ಣಿಯ ಕೈ ಕಟ್ಟಿತು. ವಸೂಲಾದ ಹಣ ತಾಲೂಕು ಕಚೇರಿಗೆ ತಲುಪದಿದ್ದರೆ ಮಾಮಲೇದಾರರ ಕೈಯೂ ಕಟ್ಟಿತು. ಉಪ್ಪಿನ ಲೆಕ್ಕವೇ ಇದು, ಸರಕು ಮಾತ್ರ ಬೇರೆ.

1943ರ ಏಪ್ರಿಲ್ 1. ವರದಾ ತೀರದ ಹೊಸರಿತ್ತಿ. ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ವಸೂಲಾದ ಕಂದಾಯದ ಹಣ ಇತ್ತು, ಕಾವಲಿಗೆ ಬಂದೂಕುಧಾರಿ ಪೊಲೀಸರಿದ್ದರು. ಆ ಹಣ ವಶಪಡಿಸಿಕೊಳ್ಳೋಕೆ ಮಹಾದೇವಪ್ಪ ತಂಡ ಕಟ್ಟಿಕೊಂಡು ಹೋದರು. ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ ಸತ್ತರು. ತಿರಕಪ್ಪ ಮಡಿವಾಳರ ಸತ್ತರು. ವೀರಯ್ಯ ಹಿರೇಮಠ ಸತ್ತರು. ಮಹಾದೇವಪ್ಪನವರಿಗೆ ಮೂವತ್ತೆರಡು ತುಂಬೋಕೆ ಇನ್ನೂ ಎರಡು ತಿಂಗಳಿತ್ತು. ನಾನು ಆ ವಯಸ್ಸು ದಾಟಿ ಆಗಿದೆ.

ಇಲ್ಲೊಂದು ಮುಜುಗರದ ಪ್ರಶ್ನೆ ಇದೆ. ನಮ್ಮ ಜಯಂತಿ ಭಾಷಣಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ಗಾಂಧೀಜಿಯ ಆಶ್ರಮದಲ್ಲಿ ತಯಾರಾದವರು ಖಜಾನೆ ದೋಚಲು ಹೋಗಿದ್ದು ಸರಿಯೇ? ಅವತ್ತು ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದರು, ಫೆಬ್ರವರಿ–ಮಾರ್ಚ್‌ನ ಇಪ್ಪತ್ತೊಂದು ದಿನಗಳ ಉಪವಾಸ ಮುಗಿಸಿ ತಿಂಗಳೂ ಆಗಿರಲಿಲ್ಲ. 1944ರಲ್ಲಿ ಹೊರಬಂದ ಮೇಲೆ ಅವರು ಗುಟ್ಟಿನ ಕೆಲಸವನ್ನೂ ಆಸ್ತಿ ನಾಶವನ್ನೂ ಒಪ್ಪಲಿಲ್ಲ. ಭೂಗತರು ಹೊರಬಂದು ಶರಣಾಗಲಿ ಅಂತಲೇ ಹೇಳಿದರು. ಹಾಗಾಗಿ ಮಹಾದೇವಪ್ಪ ಬದುಕಿದ್ದಿದ್ದರೆ ಬಾಪೂ ಮುಂದೆ ನಿಂತು ಉತ್ತರ ಕೊಡಬೇಕಾಗುತ್ತಿತ್ತು.

ಕೆಲವರು ಇದನ್ನು ಮುಚ್ಚಿಟ್ಟು ಕೊನೆವರೆಗೂ ಅಪ್ಪಟ ಗಾಂಧಿವಾದಿ ಅಂತಾರೆ. ಇನ್ನು ಕೆಲವರು ಗಾಂಧಿಯನ್ನು ಬಿಟ್ಟು ಕ್ರಾಂತಿಕಾರಿಯಾದರು ಅಂತ ಮೀಸೆ ತಿರುವುತ್ತಾರೆ. ನನಗೆ ಎರಡೂ ಸೋಮಾರಿ ಮಾತಾಗಿ ಕಾಣುತ್ತವೆ. ಆಸ್ತಿಗೆ ಕೈ ಹಾಕಬಹುದು, ಜೀವಕ್ಕೆ ಹಾಕಬಾರದು ಅನ್ನುವ ಗೆರೆ ಎಳೆದುಕೊಂಡು 1942ರಲ್ಲಿ ಅನೇಕರು ಕೆಲಸ ಮಾಡಿದರು. ಬಂದೂಕು ಕಾವಲಿದ್ದ ಗುಡಿಯ ಮುಂದೆ ಆ ಗೆರೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಪ್ರಶ್ನೆ ಇದ್ದೇ ಇದೆ. ಆದರೆ ಹದಿನೆಂಟರಲ್ಲಿ ಕಲಿತದ್ದನ್ನು ಮಹಾದೇವಪ್ಪ ಬಿಟ್ಟುಕೊಟ್ಟರು ಅನ್ನುವುದನ್ನು ನಾನು ಒಪ್ಪಲಾರೆ. ಅವರು ಕೊನೆಗೂ ಹೋಗಿದ್ದು ತೆರಿಗೆಯ ಹಿಂದೆಯೇ. ದಾರಿ ಬೇರೆಯಾಯಿತು, ಅಪಾಯ ಹೆಚ್ಚಾಯಿತು, ಜೊತೆಗಿದ್ದ ಇಬ್ಬರ ಜೀವವೂ ಹೋಯಿತು. ಈ ತೂಕವನ್ನು ಹೇಳಿದರೆ ಅವರು ಸಣ್ಣವರಾಗುತ್ತಾರೆ ಅನ್ನುವ ಭಯ ಯಾಕೋ ನಮಗೆ.

ಈಗ ಕುರುಹುಗಳ ವಿಷಯಕ್ಕೆ ಬರೋಣ. ಹಾವೇರಿಯಲ್ಲಿ ವೀರಸೌಧ ಇದೆ. 2018ರಲ್ಲಿ ಅಂಚೆ ಚೀಟಿ ಬಂತು. ಆಮೇಲೆ ಸ್ಟೇಷನ್ನಿಗೆ ಹೆಸರು. 2019ರ ಜನವರಿ 30ರಂದು ದಂಡಿಯಲ್ಲಿ ಉದ್ಘಾಟನೆಯಾದ ಉಪ್ಪಿನ ಸತ್ಯಾಗ್ರಹ ಸ್ಮಾರಕದಲ್ಲಿ ಗಾಂಧೀಜಿಯ ಹಿಂದೆ ಅಷ್ಟೂ ನಡಿಗೆಯವರ ಮೂರ್ತಿಗಳ ಸಾಲಿದೆ. ಒಟ್ಟಿನಲ್ಲಿ ಮಹಾದೇವಪ್ಪನವರನ್ನು ನಾಡು ಮರೆತಿದೆ ಅಂತ ನಾನು ದೂರಲಾರೆ.

ಟೆಕ್ಸಾಸಿನಲ್ಲಿ ಕೆಲಸ ಮಾಡುವ ನನ್ನ ಕಾಲೇಜು ಗೆಳೆಯನೊಬ್ಬ ಆಗಾಗ ರಸ್ತೆಬದಿಯ ಫಲಕಗಳ ಫೋಟೋ ಕಳಿಸುತ್ತಾನೆ. ಆ ರಾಜ್ಯದಲ್ಲಿ 254 ಕೌಂಟಿ, ಹದಿನಾರು ಸಾವಿರಕ್ಕೂ ಹೆಚ್ಚು ಐತಿಹಾಸಿಕ ಫಲಕ. ಹಳೇ ಶಾಲೆ, ಸ್ಮಶಾನ, ಹತ್ತಿ ಮಿಲ್ಲು, ಯಾವುದನ್ನೂ ಬಿಟ್ಟಿಲ್ಲ. ಅಲ್ಯುಮಿನಿಯಂ ಹಲಗೆ ಮೇಲೆ ಇಲ್ಲಿ ಏನು ನಡೆಯಿತು, ಯಾರಿದ್ದರು ಅಂತ ಒಂದು ಪ್ಯಾರಾ. ಅಲ್ಲೂ ಯಾರ ಕತೆ ಬರೆಯಬೇಕು, ಯಾರದು ಬಿಡಬೇಕು ಅನ್ನುವ ಜಗಳ ಇದ್ದೇ ಇದೆ. ಆದರೂ ಕಾರು ನಿಲ್ಲಿಸಿದವನಿಗೆ ಓದೋಕೆ ಒಂದು ಪ್ಯಾರಾ ಸಿಗುತ್ತದೆ. ನಾವು ಹೆಸರಿಡುತ್ತೇವೆ, ಏನಾಯಿತು ಅಂತ ಬರೆಯುವುದಿಲ್ಲ.

ಇದು ನಮಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಹಾನಗಲ್ಲು, ಹಿರೇಕೆರೂರು ಕಡೆ ಗುಡಿಯ ಮುಂದೆ, ಕೆರೆ ದಂಡೆಯಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಪಟ್ಟಿಕೆಗಳ ನಡುವೆ ಅಕ್ಷರ ಕೊರೆದಿರುವ ಕಲ್ಲುಗಳಲ್ಲಿ ಯಾವ ಅರಸನ ಕಾಲ, ಯಾವ ಊರು, ಯಾವ ಜಗಳ, ಸತ್ತವನ ಹೆಸರೇನು ಅನ್ನುವುದೆಲ್ಲ ಇರುತ್ತದೆ. ಊರ ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತ ಸಾಮಾನ್ಯನಿಗೂ ಕಲ್ಲು ಸಿಗುತ್ತಿತ್ತು. ಎಂಟುನೂರು, ಒಂಬೈನೂರು ವರ್ಷದ ಹಿಂದೆ ಉಳಿ ಹಿಡಿದು ಮಾಡಿದ ಕೆಲಸ.

ಆ ಲೆಕ್ಕದಲ್ಲಿ ಹೊಸರಿತ್ತಿಯದು ಮೂರು ಹೆಸರಿನ ಕಲ್ಲು. ನಮ್ಮೂರಲ್ಲಿ ಮಹಾದೇವಪ್ಪ ಯಾರು ಅಂತ ಕೇಳಿ ನೋಡಿ, ಹತ್ತಕ್ಕೆ ಎಂಟು ಜನ ಹೇಳುತ್ತಾರೆ. ತಿರಕಪ್ಪ ಮಡಿವಾಳರ ಯಾರು, ವೀರಯ್ಯ ಹಿರೇಮಠ ಯಾರು ಅಂತ ಕೇಳಿದಾಗ ನನಗೆ ಸಿಕ್ಕ ಉತ್ತರ ಹೆಚ್ಚಾಗಿ ಮೌನ. ಒಂದೇ ಗುಡಿಯ ಮುಂದೆ, ಒಂದೇ ದಿನ ಬಿದ್ದವರು ಮೂವರೂ. ಮೈಲಾರ, ಮಡಿವಾಳರ, ಹಿರೇಮಠ. ಈ ಅಡ್ಡಹೆಸರು ಕೇಳಿದರೆ ಸಾಕು, ಊರಿನ ಬೇರೆ ಬೇರೆ ಓಣಿಗಳಿಂದ ಬಂದವರು ಅನ್ನುವುದು ನಮ್ಮ ಕಡೆಯವರಿಗೆ ತಾನೇ ತಿಳಿಯುತ್ತದೆ.

ಹಾವೇರಿ ಸ್ಟೇಷನ್ನಿನ ಗೋಡೆಯ ಮೇಲೆ ಜಾಹೀರಾತಿಗೆ ಜಾಗ ಸಿಗುವಾಗ ಒಂದು ಪ್ಯಾರಾಕ್ಕೂ ಸಿಗಬೇಕು. ತಾರೀಖು, ಊರು, ಗುಡಿಯಲ್ಲಿದ್ದ ಹಣ ಯಾವುದು, ಮೂವರ ಹೆಸರು. ಕೆಳಗೆ ಜಾಗ ಉಳಿದರೆ ಸಿದ್ದಮ್ಮನವರ ಹೆಸರು. ಹಾಗೇ ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು, ಕಂದಾಯ ಕಟ್ಟದೆ ಹೊಲ ಕಳೆದುಕೊಂಡ ಮನೆತನಗಳ ಪಟ್ಟಿ ಹಾಕಿ. ಜಪ್ತಿಯನ್ನೂ ಮರಳಿಸಿದ್ದನ್ನೂ ಬರೆದಿಟ್ಟಿದ್ದು ಸರ್ಕಾರವೇ, ಹಾಗಾಗಿ ಆ ಹೆಸರುಗಳನ್ನು ಹುಡುಕುವ ಕೆಲಸವನ್ನೂ ಕಂದಾಯ ಇಲಾಖೆಯಿಂದಲೇ ಶುರು ಮಾಡಬಹುದು.