ಗಾಂಧೀಜಿಯವರ ಆಹಾರವ್ರತ

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಪೋರಬಂದರಿನ ವೈಷ್ಣವ ಮನೆತನದಲ್ಲಿ ಜನಿಸಿದರು. ಆ ಮನೆಗೆ ಜೈನ ಸಾಧುಗಳೂ ಬಂದುಹೋಗುತ್ತಿದ್ದರು. ತಾಯಿ ಪುತಲೀಬಾಯಿಯವರು ಚಾತುರ್ಮಾಸ್ಯದ ಕಠಿಣ ಉಪವಾಸಗಳನ್ನು ನಿಷ್ಠೆಯಿಂದ ಆಚರಿಸುತ್ತಿದ್ದರು. ಆದರೂ ರಾಜಕೋಟೆಯಲ್ಲಿ ಓದುತ್ತಿದ್ದಾಗ, ಆಂಗ್ಲರ ಬಲಕ್ಕೆ ಮಾಂಸವೇ ಕಾರಣವೆಂಬ ಗೆಳೆಯನ ಮಾತಿಗೆ ಮರುಳಾಗಿ ಅವರು ಗುಟ್ಟಾಗಿ ಕೆಲವು ಬಾರಿ ಮಾಂಸವನ್ನು ಸೇವಿಸಿದರು. ಹೆತ್ತವರಿಗೆ ಸುಳ್ಳು ಹೇಳಬೇಕಾದ ವ್ಯಥೆಯಿಂದ ಅದನ್ನು ಬಿಟ್ಟರೇ ಹೊರತು, ಮಾಂಸ ಬಲವರ್ಧಕವೆಂಬ ಭ್ರಮೆ ಆಗಲೂ ಅಳಿದಿರಲಿಲ್ಲ.

1888ರಲ್ಲಿ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಜೈನ ಸಾಧು ಬೇಚರಜಿ ಸ್ವಾಮಿಗಳು ಅವರಿಂದ ಮದ್ಯ, ಮಾಂಸ, ಸ್ತ್ರೀಸಂಗಗಳ ತ್ಯಾಗದ ಪ್ರತಿಜ್ಞೆಯನ್ನು ಮಾಡಿಸಿದರು. ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿದ್ದರೂ ಅವರು ಅದನ್ನು ಪಾಲಿಸಿದರು. ಸಸ್ಯಾಹಾರಿ ಭೋಜನಶಾಲೆಯೊಂದರಲ್ಲಿ ಹೆನ್ರಿ ಸಾಲ್ಟ್ ಅವರ ಗ್ರಂಥವನ್ನು ಕೊಂಡು ಓದಿದ ಮೇಲೆ, ತಾಯಿಗಾಗಿ ಹಿಡಿದ ವ್ರತವು ಸ್ವಂತ ಶ್ರದ್ಧೆಯಾಯಿತು.

ಹಾಲು ವಿಕಾರಗಳನ್ನು ಉದ್ರೇಕಿಸುತ್ತದೆಂಬುದನ್ನು ಅವರು ಮೊದಲು ತಿಳಿದದ್ದು ಶ್ರೀಮದ್ ರಾಜಚಂದ್ರರಿಂದ. ಹಸುವಿನಿಂದ ಕೊನೆಯ ಹನಿಯನ್ನೂ ಹಿಂಡಲು ಕಲ್ಕತ್ತೆಯಲ್ಲಿ ನಡೆಯುತ್ತಿದ್ದ ಫೂಕಾ ಎಂಬ ಕ್ರೂರ ಪದ್ಧತಿಯನ್ನು ಓದಿ ಮನಸ್ಸು ಇನ್ನಷ್ಟು ನೊಂದಿತು. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ತ್ಯಜಿಸಿದರು. 1915ರಲ್ಲಿ ಹರಿದ್ವಾರದಲ್ಲಿ, ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ಸೇವಿಸದಿರುವ, ಕತ್ತಲಾದ ಮೇಲೆ ಉಣ್ಣದಿರುವ ವ್ರತವನ್ನು ಕೈಗೊಂಡರು. ನಮ್ಮ ಭೋಗೋಪಭೋಗ ಪರಿಮಾಣವೂ ರಾತ್ರಿಭೋಜನ ತ್ಯಾಗವೂ ಇದೇ ಅಲ್ಲವೇ!

ಪರೀಕ್ಷೆ ಬಂದದ್ದು 1918ರಲ್ಲಿ. ಖೇಡಾ ಜಿಲ್ಲೆಯಲ್ಲಿ ಕಡಲೆಕಾಯಿಯ ಬೆಣ್ಣೆ, ನಿಂಬೆಹಣ್ಣುಗಳ ಆಹಾರದಲ್ಲಿ ತಿರುಗಾಡುತ್ತಿದ್ದ ಅವರಿಗೆ ಆಮಶಂಕೆ ತಗುಲಿ ಪ್ರಾಣಾಪಾಯವೇ ಒದಗಿತು. ಹಾಲಿಲ್ಲದೆ ದೇಹ ಚೇತರಿಸದೆಂದು ವೈದ್ಯರು ಹೇಳಿದರು. ವ್ರತ ಹಿಡಿದಾಗ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಗಳ ಹಾಲು ಮಾತ್ರವಲ್ಲವೇ ಎಂದು ಕಸ್ತೂರಬಾ ಸೂಚಿಸಲು, ಮೇಕೆಯ ಹಾಲನ್ನು ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮಕ್ಕೆ ಘಾತವಾಯಿತು ಎಂಬುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದರು. ಅತಿಚಾರಕ್ಕೆ ಆಲೋಚನೆಯೇ ಶುದ್ಧಿಯೆಂದು ಬಲ್ಲ ಶ್ರಾವಕರಿಗೆ ಈ ನಿವೇದನೆಯ ಬೆಲೆ ತಿಳಿಯದಿರದು.

ಅವರು ಅಲ್ಲಿಗೇ ನಿಲ್ಲಲಿಲ್ಲ. 1927ರಲ್ಲಿ ಬೆಂಗಳೂರಿನ ಹೈನು ಸಂಸ್ಥೆಯಲ್ಲಿ ಗೋಪಾಲನೆಯನ್ನು ಅಭ್ಯಸಿಸಿದರು. 1935ರಲ್ಲಿ ವಾರ್ಧಾದಲ್ಲಿ ಸೋಯಾ ಅವರೆಯನ್ನು ಪರೀಕ್ಷಿಸಿದರು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ, ಕೇವಲ ಆರೋಗ್ಯಕ್ಕಾಗಿ ಮಾಂಸ ಬಿಟ್ಟವರು ಕಾಯಿಲೆ ಬಂದೊಡನೆ ಹಿಂದಿರುಗುತ್ತಾರೆ, ನೀತಿಯ ತಳಹದಿಯೊಂದೇ ನಿಲ್ಲುವುದು ಎಂಬ ಆಶಯವನ್ನು ಪ್ರತಿಪಾದಿಸಿದರು. ಹಾಲಿಗೆ ಸಮನಾದ ಸಸ್ಯಾಹಾರ ಮಾತ್ರ ಕೊನೆಯವರೆಗೂ ಅವರಿಗೆ ದೊರೆಯಲಿಲ್ಲ. 1948ರ ಜನವರಿ 30ರಂದು ಅವರು ಹತರಾದರು.

ಅದೇ ವರ್ಷ ವಿಜ್ಞಾನಿಗಳು ಬಿ-12 ಜೀವಸತ್ವವನ್ನು ಬೇರ್ಪಡಿಸಿದರು. ಸಾಮಾನ್ಯ ಸಸ್ಯಾಹಾರದಲ್ಲಿ ಅದು ದೊರೆಯದು, ಹಾಲಿನಲ್ಲಿ ದೊರೆಯುತ್ತದೆ. ಇಂದು ಅದನ್ನು ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ. ಅಲ್ಲಿಯೂ ಸೂಕ್ಷ್ಮ ಜೀವಗಳ ಪ್ರಶ್ನೆ ಉಳಿದೇ ಇದೆ. ಬೇಳೆಕಾಳುಗಳಿಗಿಂತ ಗೋಮಾಂಸಕ್ಕೆ ಭೂಮಿಯೂ ನೀರೂ ಬಹುಪಾಲು ಹೆಚ್ಚು ಬೇಕು. ಮೆಲುಕು ಹಾಕುವ ಪಶುಗಳು ಹೊರಸೂಸುವ ಮೀಥೇನ್ ಅನಿಲವು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಈ ಲೆಕ್ಕದಿಂದ ಹಾಲೂ ಪೂರ್ಣವಾಗಿ ಮುಕ್ತವಲ್ಲ. ಆದುದರಿಂದ ಮಾಂಸ ಬಿಟ್ಟೆವೆಂದು ತೃಪ್ತರಾಗದೆ, ನಮ್ಮ ತಟ್ಟೆಯ ಹಾಲು ತುಪ್ಪಗಳ ಹಿಂದಿನ ಹಿಂಸೆಯನ್ನೂ ವಿಚಾರಿಸಬೇಕು. ದೇಹ ತಾಳುವಷ್ಟು ರಸಪರಿತ್ಯಾಗ, ತಾಳದಲ್ಲಿ ನಿಷ್ಕಪಟ ನಿವೇದನೆ: ಗಾಂಧೀಜಿಯವರ ಬಾಳು ನಮಗೆ ತೋರುವ ದಾರಿ ಇದು.