‘ಎ’ಯಿಂದ ಇರುವೆಯವರೆಗೆ: ನಿಘಂಟುಕಾರ ಜೇಮ್ಸ್ ಮರ್ರೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ನಮ್ಮಂಥವರಿಗೆ ಮೊದಲ ಕೆಲವು ತಿಂಗಳು ಡಿಕ್ಷನರಿಯೇ ಆಸರೆ. ನಾನೂ ಕನ್ನಡ ಮಾಧ್ಯಮದವನು. ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೂ ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತುಹೋಗುತ್ತವೆ. ಹಾಗಿರುವಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳ ಹುಟ್ಟು, ಬೆಳವಣಿಗೆ, ಅರ್ಥಗಳನ್ನು ಒಂದು ಕಡೆ ಕೂಡಿಸುವ ಕೆಲಸಕ್ಕೆ ಇಳಿದವರು ಎಂಥವರಿರಬಹುದು? ನಾವು ಬಳಸುವ ಸಣ್ಣ ಆಕ್ಸ್‌ಫರ್ಡ್ ಡಿಕ್ಷನರಿಗಳ ಹಿಂದೆ ಒಂದು ಮಹಾನಿಘಂಟು ಇದೆ. ಅದರ ಮೊದಲ ಸಂಪುಟಗಳನ್ನು ರೂಪಿಸಿದವರು ಜೇಮ್ಸ್ ಮರ್ರೆ. ಅವರು ಒಬ್ಬ ಟೈಲರ್‌ನ ಮಗ, 14ನೇ ವಯಸ್ಸಿಗೇ ಶಾಲೆ ಬಿಟ್ಟವರು. ನನ್ನ ಅಬ್ಬಾ ಕೂಡ ಟೈಲರ್ ಆದ್ದರಿಂದ ಈ ಸಂಗತಿ ಓದಿದ ಮೇಲೆ ಅವರ ಬಗ್ಗೆ ಇನ್ನಷ್ಟು ತಿಳಿಯದೆ ಇರಲು ನನ್ನಿಂದ ಆಗಲಿಲ್ಲ.

ಮರ್ರೆ ಹುಟ್ಟಿದ್ದು 1837ರ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ. ಮನೆಯ ಪರಿಸ್ಥಿತಿಯಿಂದಾಗಿ 14ಕ್ಕೆ ಶಾಲೆ ನಿಂತಿತು, ಓದು ನಿಲ್ಲಲಿಲ್ಲ. ಸಿಕ್ಕಿದ ಪುಸ್ತಕ ಓದುತ್ತ, ಒಂದಾದ ಮೇಲೊಂದು ಭಾಷೆಯನ್ನು ತಾವೇ ಕಲಿಯುತ್ತ ಹೋದರು. 17ಕ್ಕೆ ಹತ್ತಿರದ ಹಾಯಿಕ್ ಪಟ್ಟಣದಲ್ಲಿ ಶಿಕ್ಷಕರಾದರು, 20ಕ್ಕೆ ಅಲ್ಲೇ ಒಂದು ಶಾಲೆಯ ಮುಖ್ಯೋಪಾಧ್ಯಾಯರಾದರು.

ನಂತರ ಕಷ್ಟದ ದಿನಗಳು ಬಂದವು. 1862ರಲ್ಲಿ ಮದುವೆಯಾದ ಅವರಿಗೆ ಹುಟ್ಟಿದ ಹೆಣ್ಣು ಮಗು ಕ್ಷಯದಿಂದ ತೀರಿಕೊಂಡಿತು. ಹೆಂಡತಿಗೂ ಅದೇ ಕಾಯಿಲೆ. ವೈದ್ಯರ ಸಲಹೆಯಂತೆ ಊರು ಬಿಟ್ಟು ಲಂಡನ್ನಿಗೆ ಬಂದು ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಗುಮಾಸ್ತರಾದರು. ಹೆಂಡತಿ ಉಳಿಯಲಿಲ್ಲ. 1866ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಕೆಲಸವೊಂದಕ್ಕೆ ಅರ್ಜಿ ಹಾಕಿ, ತಮಗೆ ಪರಿಚಯವಿರುವ ಭಾಷೆಗಳನ್ನು ಬರೆದರು. ಲ್ಯಾಟಿನ್, ಫ್ರೆಂಚ್, ಜರ್ಮನ್ ಮಾತ್ರವಲ್ಲ, ಪರ್ಷಿಯನ್, ಸಂಸ್ಕೃತ, ಹೀಬ್ರೂ, ಅಲ್ಪಸ್ವಲ್ಪ ಅರೇಬಿಕ್ ಕೂಡ ಆ ಪಟ್ಟಿಯಲ್ಲಿದ್ದವು. ಆ ಕೆಲಸ ಸಿಗಲಿಲ್ಲ. ಮರುವರ್ಷ ಏಡಾ ಎಂಬುವರನ್ನು ಮದುವೆಯಾದರು. ಈ ದಂಪತಿಗೆ 11 ಮಕ್ಕಳು. 1870ರಲ್ಲಿ ಲಂಡನ್ ಹತ್ತಿರದ ಮಿಲ್ ಹಿಲ್ ಶಾಲೆಗೆ ಶಿಕ್ಷಕರಾಗಿ ಸೇರಿದರು.

ಇಂಗ್ಲಿಷಿಗೆ ಹೊಸ ನಿಘಂಟು ಬೇಕೆಂದು ಲಂಡನ್ನಿನ ಭಾಷಾಶಾಸ್ತ್ರ ಸಂಘ 1857ರಲ್ಲೇ ತೀರ್ಮಾನಿಸಿತ್ತು. ಆದರೆ ಕೆಲಸ ಕುಂಟುತ್ತಿತ್ತು. 1879ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಮರ್ರೆಯವರನ್ನು ಸಂಪಾದಕರನ್ನಾಗಿ ಮಾಡಿಕೊಂಡಿತು. 10 ವರ್ಷದಲ್ಲಿ ಮುಗಿಸುವುದೆಂಬ ಲೆಕ್ಕ. ಮನೆಯಂಗಳದಲ್ಲಿ ಕಬ್ಬಿಣದ ತಗಡಿನ ಒಂದು ಶೆಡ್ ಕಟ್ಟಿಸಿ ಮರ್ರೆ ಕೆಲಸ ಶುರುಮಾಡಿದರು.

ಕೆಲಸದ ರೀತಿ ಹೀಗಿತ್ತು. ಇಂಗ್ಲಿಷ್ ಪುಸ್ತಕಗಳನ್ನು ಓದಿ, ಗಮನಕ್ಕೆ ಬಂದ ಪದವನ್ನು ಒಂದು ಚೀಟಿಯಲ್ಲಿ ಬರೆದು, ಅದು ಬಂದ ವಾಕ್ಯ, ಪುಸ್ತಕದ ಹೆಸರು, ವರ್ಷ ಸೇರಿಸಿ ಕಳುಹಿಸಿ ಎಂದು ಮರ್ರೆ ಜನರಲ್ಲಿ ಮನವಿ ಮಾಡಿದರು. ಹಳೆಯ ಚೀಟಿಗಳೇ ಸುಮಾರು ಎರಡು ಟನ್ ಇದ್ದವು. ಹೊಸವು ಲಕ್ಷಗಟ್ಟಲೆ ಬಂದವು. ಮನೆಯ ಮಕ್ಕಳು ಕೈಖರ್ಚಿನ ಕಾಸಿಗಾಗಿ ಅವನ್ನು ಅಕ್ಷರಮಾಲೆಯಂತೆ ಜೋಡಿಸುತ್ತಿದ್ದರು. ಚೀಟಿ ಕಳುಹಿಸಿದವರಲ್ಲಿ ಮಾನಸಿಕ ಕಾಯಿಲೆಯಿಂದ ಕೊಲೆ ಮಾಡಿ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದ ಅಮೆರಿಕದ ಡಾಕ್ಟರ್ ವಿಲಿಯಂ ಮೈನರ್ ಕೂಡ ಇದ್ದರು. ಮರ್ರೆ ಅವರನ್ನು ಅಲ್ಲಿಗೇ ಹೋಗಿ ಕಂಡು ಸ್ನೇಹ ಬೆಳೆಸಿದರು.

ಹಿಂದಿನವರು ಒಂದೊಂದು ಅಕ್ಷರದ ಚೀಟಿಗಳನ್ನು ಒಬ್ಬೊಬ್ಬರಿಗೆ ಹಂಚಿಬಿಟ್ಟಿದ್ದರು. ಹೀಗಾಗಿ ‘ಎಚ್’ ಅಕ್ಷರದ ಚೀಟಿಗಳು ಇಟಲಿಯಲ್ಲಿ ಪತ್ತೆಯಾದವು. ‘ಪಿ-ಎ’ ಎಂದು ಶುರುವಾಗುವ ಪದಗಳ ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕವು. ಅಷ್ಟರಲ್ಲಿ ಹಲವು ಒಲೆ ಉರಿಸಲು ಹೋಗಿದ್ದವು. ಪೇಪರ್, ಪೇರೆಂಟ್, ಪೇಷೆನ್ಸ್ ಎಲ್ಲವೂ ಈ ‘ಪಿ-ಎ’ ಗುಂಪಿನವೇ. ಕಳೆದುಹೋದದ್ದನ್ನು ಮತ್ತೆ ಕೂಡಿಸಲು ತಾಳ್ಮೆಯೇ ಬೇಕಿತ್ತು.

ಐದು ವರ್ಷ ದುಡಿದು 1884ರಲ್ಲಿ ಮೊದಲ ಭಾಗ ಹೊರಬಂತು. 352 ಪುಟ. ‘ಎ’ ಅಕ್ಷರದಿಂದ ‘ಆ್ಯಂಟ್’, ಅಂದರೆ ಇರುವೆ ಎಂಬ ಪದದವರೆಗೆ ಮಾತ್ರ! ಆದರೆ ಈ ಭಾಗದಲ್ಲೇ ನಮಗೆ ಹತ್ತಿರದ ಒಂದು ಪದಗುಂಪು ಇದೆ. ‘ಎ-ಎಲ್’ ಎಂದು ಶುರುವಾಗುವ ಹಲವು ಇಂಗ್ಲಿಷ್ ಪದಗಳ ತಲೆಯಲ್ಲಿರುವುದು ಅರೇಬಿಕ್‌ನ ‘ಅಲ್’. ಆಲ್ಜಿಬ್ರಾ ಬಂದದ್ದು ‘ಅಲ್-ಜಬ್ರ್’ ಎಂಬುದರಿಂದ. ಮುರಿದದ್ದನ್ನು ಕೂಡಿಸುವುದು ಎಂದು ಅದರ ಅರ್ಥ. ಹಿಂದೆ ಇಂಗ್ಲಿಷಿನಲ್ಲಿ ಮೂಳೆ ಕಟ್ಟುವುದಕ್ಕೂ ಆಲ್ಜಿಬ್ರಾ ಎನ್ನುತ್ತಿದ್ದರು. ಕೆಮಿಸ್ಟ್ರಿಯಲ್ಲಿ ಓದುವ ಆಲ್ಕಲಿ ಎಂದರೆ ಮೂಲದಲ್ಲಿ ಗಿಡ ಸುಟ್ಟ ಬೂದಿ. ಆಲ್ಕೋಹಾಲ್‌ನ ಮೂಲ ‘ಅಲ್-ಕುಹ್ಲ್’, ಕಣ್ಣಿಗೆ ಹಚ್ಚುವ ಸುರ್ಮಾದ ನುಣ್ಣನೆಯ ಪುಡಿ. ನುಣ್ಣನೆಯ ಪುಡಿ ಎಂಬ ಅರ್ಥ ಬಟ್ಟಿ ಇಳಿಸಿದ ಸಾರ ಎಂದಾಗಿ, ಕೊನೆಗೆ ಇಂದಿನ ಅರ್ಥಕ್ಕೆ ಬಂತು. ಆಲ್ಕೋವ್ ಬಂದದ್ದು ‘ಅಲ್-ಖುಬ್ಬ’ದಿಂದ, ಅಂದರೆ ಗುಮ್ಮಟದಿಂದ. ‘ಜೆ’ ಅಕ್ಷರದ ಜ್ಯಾಗರಿ, ಅಂದರೆ ಬೆಲ್ಲ, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದ ನಮ್ಮ ಕಡೆಯ ಪದ. ನಮ್ಮ ಸಕ್ಕರೆಯ ಸಂಬಂಧಿಯೇ. ಹೀಗೆ ಬಂಧುಗಳೊಂದಿಗೆ ಸೇರಿಸಿ ನೋಡಿದ ಪದ ನನಗೆ ಮರೆತುಹೋಗುವುದಿಲ್ಲ. ಪಟ್ಟಿ ಮಾಡಿ ಉರು ಹೊಡೆದದ್ದು ಉಳಿಯುವುದೂ ಇಲ್ಲ.

1885ರಲ್ಲಿ ಮರ್ರೆ ಕುಟುಂಬ ಆಕ್ಸ್‌ಫರ್ಡಿಗೆ ಬಂತು. ಅಲ್ಲಿನ ಹೊಸ ಶೆಡ್ ಅರ್ಧ ನೆಲದೊಳಗೆ ಇಳಿದಿತ್ತು. ತೇವ, ಚಳಿ. ದಪ್ಪ ಕೋಟು ಹಾಕಿ, ಕಾಲುಗಳನ್ನು ಪೆಟ್ಟಿಗೆಯೊಳಗಿಟ್ಟು ಬರೆಯುತ್ತಿದ್ದರು. ಬರುವ ಹೋಗುವ ಕಾಗದಗಳು ಎಷ್ಟಿದ್ದವೆಂದರೆ ಅಂಚೆ ಇಲಾಖೆ ಅವರ ಮನೆಯೆದುರೇ ಒಂದು ಅಂಚೆ ಡಬ್ಬಿ ನಿಲ್ಲಿಸಿತು. ಕೆಲಸ ನಿಧಾನವಾಯಿತೆಂದು ಮುದ್ರಣಾಲಯದವರು ಮತ್ತೆ ಮತ್ತೆ ಒತ್ತಡ ಹೇರಿದರು. ಅವಸರಕ್ಕಾಗಿ ಅರೆಬರೆ ಮಾಡಲು ಮರ್ರೆ ಒಪ್ಪಲಿಲ್ಲ.

1908ರಲ್ಲಿ ಸರ್ ಪದವಿ ಬಂತು. ಆದರೆ ಅವರು ದುಡಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1914ರಲ್ಲಿ. 1915ರ ಜುಲೈ 26ರಂದು ಮರ್ರೆ ತೀರಿಕೊಂಡರು. ಆಗ ಅವರ ಕೈಯಲ್ಲಿದ್ದದ್ದು ‘ಟಿ’ ಅಕ್ಷರ. ಟೈಲರ್, ಟೀಚರ್ ಎಂಬ ಪದಗಳು ಆ ಅಕ್ಷರದಲ್ಲೇ ಬರುತ್ತವೆ. ಒಂದು ತಂದೆಯ ಕಸುಬು, ಇನ್ನೊಂದು ತಮ್ಮದೇ ಕಸುಬು. ಎರಡೂ ಪದಗಳು ಅವರ ಸಂಪಾದನೆಯಲ್ಲೇ ಅಚ್ಚಾದವು.

ನಿಘಂಟು ಪೂರ್ತಿಯಾದದ್ದು 1928ರಲ್ಲಿ. ಒಟ್ಟು 4,14,825 ಪದಗಳು. ಎ-ಯಿಂದ ಡಿ, ಎಚ್‌ನಿಂದ ಕೆ, ಓ, ಪಿ, ಟಿ — ಹೆಚ್ಚುಕಡಿಮೆ ಅರ್ಧದಷ್ಟು ಮರ್ರೆಯವರ ಕೆಲಸ. ಉಳಿದದ್ದನ್ನು ಬ್ರಾಡ್ಲಿ, ಕ್ರೇಗಿ, ಆನಿಯನ್ಸ್ ಎಂಬ ಸಂಪಾದಕರು ಮಾಡಿದರು. ಮಗಳು ರಾಸ್‌ಫ್ರಿತ್ ತಂದೆಯ ನಂತರವೂ ಅಲ್ಲೇ ದುಡಿದರು.

ಗೆಳೆಯರೇ, ಮನೆಯ ಕಷ್ಟದಿಂದ ಓದು ಬಿಡಬೇಕೇನೋ ಎಂಬ ಚಿಂತೆಯಲ್ಲಿರುವವರು ನಮ್ಮ ನಡುವೆಯೂ ಇದ್ದಾರೆ. ಇಂಗ್ಲಿಷ್ ಬರುವುದಿಲ್ಲವೆಂದು ತರಗತಿಯಲ್ಲಿ ಬಾಯಿ ತೆರೆಯದವರೂ ಇದ್ದಾರೆ. ಶಾಲೆ ಬಿಡುವುದು ಒಳ್ಳೆಯದೆಂದು ಮರ್ರೆಯವರ ಬದುಕು ಹೇಳುವುದಿಲ್ಲ. ಶಾಲೆ ತಪ್ಪಿದರೂ ಕಲಿಯುವುದನ್ನು ಅವರು ಬಿಡಲಿಲ್ಲ ಎಂದಷ್ಟೇ ಹೇಳುತ್ತದೆ. ನಮಗಂತೂ ಕಾಲೇಜೂ ಇದೆ, ಲೈಬ್ರರಿಯೂ ಇದೆ. ದಿನಕ್ಕೆ ಒಂದು ಪದವನ್ನು ಅದರ ಬಂಧುಬಳಗದ ಸಮೇತ ಕಲಿಯೋಣ. ಐದು ವರ್ಷಕ್ಕೆ ಇರುವೆಯವರೆಗೆ ತಲುಪಿದರೂ ಚಿಂತೆಯಿಲ್ಲ.