ಚಾರ್ಲ್ಸ್ ಮ್ಯಾಕಿಂಟಾಷ್: ನೀರಿಳಿಯದ ಬಟ್ಟೆ ಕೊಟ್ಟವರು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ವಿಜ್ಞಾನ ಪಾಠಗಳಲ್ಲಿ ಹೆಸರು ಬಾರದ, ಆದರೆ ಪ್ರತಿ ಮಳೆಗಾಲದಲ್ಲೂ ನಾವು ನೆನೆಯಬೇಕಾದ ಒಬ್ಬರ ಜೀವನವನ್ನು ಪರಿಚಯಿಸೋಣ ಎನಿಸಿತು. ಅವರು ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್. ಕಂಪನಿಯ ಕೆಲಸದ ನಿಮಿತ್ತ ಕೆಲವು ತಿಂಗಳು ಇಂಗ್ಲೆಂಡಿನಲ್ಲಿದ್ದಾಗ, ಅಲ್ಲಿನ ಹುಲ್ಲುಗಾವಲುಗಳಲ್ಲಿ ಕುದುರೆಗಳು ರೇನ್‌ಕೋಟಿನಂಥ ಹೊದಿಕೆ ಹೊದ್ದು ಮೇಯುವುದನ್ನು ಕಂಡಿದ್ದೆ. ಆ ಹೊದಿಕೆ ನೀರನ್ನು ಹೇಗೆ ತಡೆಯುತ್ತದೆ, ಕೆಲವು ವರ್ಷಗಳ ನಂತರ ಏಕೆ ಸೋರುತ್ತದೆ ಎಂದು ಓದುತ್ತಾ ಹೋದಾಗ ಸಿಕ್ಕಿದ ಹೆಸರು ಇವರದು.

ಮ್ಯಾಕಿಂಟಾಷ್ ಅವರು 1766ರ ಡಿಸೆಂಬರ್ 29ರಂದು ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಜಾರ್ಜ್ ವ್ಯಾಪಾರಿ. ಅವರಿಗೆ ಬಣ್ಣ ತಯಾರಿಸುವ ಕಾರ್ಖಾನೆಯೂ ಇತ್ತು. ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನಿಂದ ನೇರಳೆ ಬಣ್ಣ ತೆಗೆಯುವುದು ಅಲ್ಲಿನ ಕಸುಬು. ಇದಕ್ಕೆ ಅಮೋನಿಯ ಬೇಕಿತ್ತು. ಆ ಕಾಲದಲ್ಲಿ ಅಮೋನಿಯಕ್ಕೆ ದೊರೆಯುತ್ತಿದ್ದ ಸುಲಭ ಮೂಲವೆಂದರೆ ಮನುಷ್ಯರ ಮೂತ್ರ. ಗ್ಲಾಸ್ಗೋದ ಮನೆಮನೆಗಳಿಂದ ಅದನ್ನು ಸಂಗ್ರಹಿಸಿ ಕಾರ್ಖಾನೆಗೆ ತರುತ್ತಿದ್ದರು. ಬೇರೆಯವರು ಮೂಗು ಮುಚ್ಚಿಕೊಂಡು ಎಸೆಯುವ ವಸ್ತುವಿಗೂ ಬೆಲೆ ಇದೆ ಎಂಬ ಪಾಠವನ್ನು ಬಾಲಕ ಚಾರ್ಲ್ಸ್ ಹೀಗೆ ಮನೆಯಲ್ಲೇ ಕಲಿತರು.

ಮೊದಲು ಅವರು ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದರು. ಲೆಕ್ಕ ಬರೆಯುವ ಕೆಲಸದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಬಿಡುವಿನ ವೇಳೆಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹೋಗುತ್ತಿದ್ದರು. ಎಡಿನ್‌ಬರೋದಲ್ಲಿ ಪ್ರಸಿದ್ಧ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅವರ ಪಾಠ ಕೇಳಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಗುಮಾಸ್ತಿಕೆ ಬಿಟ್ಟು ರಾಸಾಯನಿಕಗಳ ತಯಾರಿಕೆಗೆ ಇಳಿದರು. 1797ರಲ್ಲಿ ಹರ್ಲೆಟ್ ಎಂಬಲ್ಲಿ ಸ್ಕಾಟ್ಲೆಂಡಿನ ಮೊದಲ ಪಟಿಕದ ಕಾರ್ಖಾನೆ ತೆರೆದರು. ಇದಕ್ಕೆ ಕಚ್ಚಾವಸ್ತು ಹಳೆಯ ಕಲ್ಲಿದ್ದಲು ಗಣಿಗಳಲ್ಲಿ ಉಳಿದಿದ್ದ ಪದರಗಲ್ಲು. ಚಾರ್ಲ್ಸ್ ಟೆನೆಂಟ್ ಅವರು 1799ರಲ್ಲಿ ಪೇಟೆಂಟ್ ಪಡೆದ ಬ್ಲೀಚಿಂಗ್ ಪೌಡರ್ ಉದ್ಯಮದಲ್ಲೂ ಮ್ಯಾಕಿಂಟಾಷ್ ಪಾಲುದಾರರಾಗಿದ್ದರು. ಇಂದು ನಮ್ಮ ಗ್ರಾಮ ಪಂಚಾಯಿತಿಯವರು ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವುದು ಅದೇ ಪುಡಿ.

1819ರ ಹೊತ್ತಿಗೆ ಗ್ಲಾಸ್ಗೋದಲ್ಲಿ ಕಲ್ಲಿದ್ದಲಿನಿಂದ ಅನಿಲ ತೆಗೆದು ದೀಪ ಉರಿಸುವ ಕಾರ್ಖಾನೆ ಬಂದಿತ್ತು. ಅನಿಲ ತೆಗೆದ ಮೇಲೆ ಉಳಿಯುತ್ತಿದ್ದ ಡಾಂಬರು ಮತ್ತು ಅಮೋನಿಯ ಬೆರೆತ ನೀರು ಕಾರ್ಖಾನೆಯವರಿಗೆ ದೊಡ್ಡ ತಲೆನೋವು. ಅದನ್ನೆಲ್ಲ ಕೊಳ್ಳುವ ಒಪ್ಪಂದವನ್ನು ಮ್ಯಾಕಿಂಟಾಷ್ ಮಾಡಿಕೊಂಡರು. ಅಮೋನಿಯ ಬಣ್ಣದ ಕೆಲಸಕ್ಕೆ ಹೋಯಿತು. ಡಾಂಬರನ್ನು ಬಟ್ಟಿ ಇಳಿಸಿದಾಗ ನ್ಯಾಫ್ತಾ ಎಂಬ ತೆಳುವಾದ, ಬೇಗ ಆರಿಹೋಗುವ ಎಣ್ಣೆ ಸಿಕ್ಕಿತು. ಇದರಿಂದ ಏನು ಮಾಡಬಹುದು ಎಂದು ಹುಡುಕುವಾಗ, ಅದು ರಬ್ಬರನ್ನು ಕರಗಿಸುತ್ತದೆ ಎಂಬುದು ಅವರಿಗೆ ತಿಳಿಯಿತು.

ಇಲ್ಲಿ ಇನ್ನೊಬ್ಬರ ಹೆಸರನ್ನು ಹೇಳಲೇಬೇಕು. ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಜೇಮ್ಸ್ ಸೈಮ್ ಅವರು 1818ರಲ್ಲೇ ಡಾಂಬರಿನಿಂದ ಬರುವ ದ್ರವ ರಬ್ಬರನ್ನು ಕರಗಿಸುತ್ತದೆ ಎಂದು ಕಂಡುಕೊಂಡಿದ್ದರು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಮುಂದೆ ದೊಡ್ಡ ಶಸ್ತ್ರಚಿಕಿತ್ಸಕರಾಗಿ ಹೆಸರಾದರು. ದ್ರಾವಣದ ಗುಣವನ್ನು ತೋರಿಸಿಕೊಟ್ಟ ಗೌರವ ಸೈಮ್ ಅವರಿಗೆ ಸಲ್ಲಬೇಕು. ಅದನ್ನು ಬಟ್ಟೆಯನ್ನಾಗಿ ಮಾಡಿ ಜನರ ಮೈಮೇಲೆ ಹಾಕಿದವರು ಮ್ಯಾಕಿಂಟಾಷ್.

ಅವರ ಉಪಾಯ ಸರಳವಾಗಿತ್ತು. ರಬ್ಬರನ್ನು ಹಾಗೆಯೇ ಬಟ್ಟೆಗೆ ಬಳಿದರೆ ಅದು ಅಂಟಂಟಾಗಿ ಮೈಗೆ ಮೆತ್ತಿಕೊಳ್ಳುತ್ತದೆ. ಅದಕ್ಕಾಗಿ ಎರಡು ಬಟ್ಟೆಗಳನ್ನು ತೆಗೆದುಕೊಂಡು, ನಡುವೆ ರಬ್ಬರಿನ ದ್ರಾವಣ ಬಳಿದು, ಎರಡನ್ನೂ ಸೇರಿಸಿ ಒತ್ತಿದರು. ನ್ಯಾಫ್ತಾ ಆರಿಹೋಯಿತು, ರಬ್ಬರು ಒಳಗೇ ಉಳಿಯಿತು. ಅಂಟು ಕೈಗೆ ತಾಗದು, ನೀರು ಒಳಗೆ ಇಳಿಯದು. 1823ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1824ರಲ್ಲಿ ಮ್ಯಾಂಚೆಸ್ಟರಿನ ಬರ್ಲಿ ಕುಟುಂಬದ ಹತ್ತಿ ಗಿರಣಿಯವರೊಡನೆ ಸೇರಿ ಕಾರ್ಖಾನೆ ಆರಂಭಿಸಿದರು. ಜಾನ್ ಫ್ರಾಂಕ್ಲಿನ್ ಅವರ ಉತ್ತರಧ್ರುವ ಪ್ರದೇಶದ ಯಾತ್ರೆಗೆ ಈ ಬಟ್ಟೆ ಹೋಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇದು ಗೆಲುವಿನ ಕಥೆಯಾಗುತ್ತಿತ್ತು. ನಿಜವಾದ ಕಷ್ಟ ಶುರುವಾದದ್ದು ಬಟ್ಟೆ ದರ್ಜಿಗಳ ಕೈಗೆ ಹೋದ ಮೇಲೆ. ದರ್ಜಿ ಎಂದಿನಂತೆ ಕತ್ತರಿಸಿ ಸೂಜಿಯಿಂದ ಹೊಲಿದ. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ನೀರಿಗೆ ದಾರಿಯಾಯಿತು. ಬಟ್ಟೆ ಸೋರುತ್ತಿರಲಿಲ್ಲ, ಕೋಟು ಸೋರುತ್ತಿತ್ತು. ಕೊಂಡವರು ಬೈದದ್ದು ಮಾತ್ರ ಬಟ್ಟೆಯನ್ನೇ. ಇದರ ಜೊತೆಗೆ ಆ ಕಾಲದ ಹಸಿ ರಬ್ಬರು ಚಳಿಗೆ ಬಿರುಸಾಗುತ್ತಿತ್ತು, ಬಿಸಿಲಿಗೆ ಅಂಟಾಗುತ್ತಿತ್ತು, ನ್ಯಾಫ್ತಾದ ವಾಸನೆಯಂತೂ ಹೋಗುತ್ತಲೇ ಇರಲಿಲ್ಲ. ಉಣ್ಣೆಯ ಬಟ್ಟೆಗೆ ಬಳಿದರೆ ಉಣ್ಣೆಯಲ್ಲಿರುವ ಸಹಜ ಜಿಡ್ಡೇ ರಬ್ಬರನ್ನು ಕೆಡಿಸುತ್ತಿತ್ತು. ನಮ್ಮ ಕುರಿಗಾಹಿಗಳ ಕಂಬಳಿ ಕೊಪ್ಪೆಯ ಮೇಲೆ ಮಳೆಹನಿ ಜಾರಿ ಬೀಳಲು ನೆರವಾಗುವ ಅದೇ ಜಿಡ್ಡು ಅಲ್ಲಿ ಶತ್ರುವಾಯಿತು.

ಕಂಪನಿ ಕೊನೆಗೆ ಕೋಟುಗಳನ್ನು ತಾನೇ ಹೊಲಿಸಿ, ಹೊಲಿಗೆಯ ಮೇಲೆ ರಬ್ಬರಿನ ದ್ರಾವಣ ಬಳಿದು ತೂತು ಮುಚ್ಚತೊಡಗಿತು. ಲಂಡನ್ನಿನ ಥಾಮಸ್ ಹ್ಯಾಂಕಾಕ್ ಅವರು ರಬ್ಬರಿನ ಚೂರುಗಳನ್ನು ಅರೆದು ಮೆತ್ತಗಾಗಿಸುವ ಯಂತ್ರ ಮಾಡಿದ್ದರು. ಆ ರಬ್ಬರನ್ನು ಕರಗಿಸಲು ನ್ಯಾಫ್ತಾ ಕಡಿಮೆ ಸಾಕಾಗುತ್ತಿತ್ತು. 1825ರಿಂದ ಅವರೂ ಮ್ಯಾಕಿಂಟಾಷ್ ಜೊತೆ ಕೈಜೋಡಿಸಿ, ಮುಂದೆ ಪಾಲುದಾರರಾದರು. ಬಟ್ಟೆಯನ್ನು ನಕಲು ಮಾಡುವವರೂ ಹುಟ್ಟಿಕೊಂಡರು. 1836ರಲ್ಲಿ ನ್ಯಾಯಾಲಯ ಮ್ಯಾಕಿಂಟಾಷ್ ಅವರ ಪೇಟೆಂಟನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ರೈಲು ಬಂದಿತ್ತು. ಕುದುರೆಗಾಡಿಯ ತಾರಸಿಯ ಮೇಲೆ ಮಳೆಯಲ್ಲಿ ಕುಳಿತು ಪಯಣಿಸುವವರೇ ಕಡಿಮೆಯಾದರು, ಕೋಟಿನ ಮಾರಾಟಕ್ಕೂ ಪೆಟ್ಟು ಬಿತ್ತು.

1843ರ ಜುಲೈ 25ರಂದು ಮ್ಯಾಕಿಂಟಾಷ್ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಹ್ಯಾಂಕಾಕ್ ಅವರು ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೋರಿದರು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದನ್ನು ಮೊದಲೇ ಕಂಡುಕೊಂಡಿದ್ದರು. ಚಳಿಗೆ ಬಿರುಸಾಗದ, ಬಿಸಿಲಿಗೆ ಕರಗದ ರಬ್ಬರು ಕೊನೆಗೂ ಬಂತು. ಅದಕ್ಕಾಗಿ ಇಪ್ಪತ್ತು ವರ್ಷ ಬೈಗುಳ ಕೇಳಿದ ಮ್ಯಾಕಿಂಟಾಷ್ ಅದು ಬರುವ ಕೆಲವೇ ತಿಂಗಳ ಮೊದಲು ಹೋಗಿದ್ದರು. ಆದರೂ ಬ್ರಿಟನ್ನಿನಲ್ಲಿ ಮಳೆಕೋಟಿಗೆ ಇಂದಿಗೂ ಅವರ ಹೆಸರೇ ಇದೆ.

ಈಗ ಕುದುರೆಯ ವಿಷಯ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲೂ ಕುದುರೆಗಳನ್ನು ಬಯಲಿಗೆ ಬಿಡುತ್ತಾರೆ. ಕೂದಲು ಕತ್ತರಿಸಿದ ಅಥವಾ ವಯಸ್ಸಾದ ಕುದುರೆಗೆ ನೀರಿಳಿಯದ ಹೊದಿಕೆ ಬೇಕು. ಇಂದಿನ ಹೊದಿಕೆಯಲ್ಲಿ ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಹನಿಯನ್ನು ಜಾರಿಸುವ ಲೇಪ, ಒಳಮೈಗೆ ಪಾಲಿಯುರೆಥೇನ್ ಪದರ ಇರುತ್ತದೆ. ವಸ್ತು ಬದಲಾಗಿದೆ, ಮ್ಯಾಕಿಂಟಾಷ್ ಎದುರಿಸಿದ ಕಾಯಿಲೆಗಳು ಬದಲಾಗಿಲ್ಲ. ಮೊದಲು ಸೋರುವುದು ಬೆನ್ನಿನ ಹೊಲಿಗೆ, ಪಟ್ಟಿ ಹೊಲಿದ ಜಾಗ, ಹೆಗಲ ಮೇಲೆ ಉಜ್ಜಿ ಸವೆದ ಭಾಗ. ಸಾಮಾನ್ಯ ಸೋಪುಪುಡಿಯಲ್ಲಿ ಒಗೆದರೆ ಅದರ ಅಂಶ ಬಟ್ಟೆಯಲ್ಲಿ ಉಳಿದು, ನೀರನ್ನು ಓಡಿಸುವ ಬದಲು ಕರೆದುಕೊಳ್ಳುತ್ತದೆ. ಬಿಸಿನೀರು ಮತ್ತು ಯಂತ್ರದ ಕಾವು ಒಳಪದರವನ್ನು ಬಿಡಿಸಿಬಿಡಬಹುದು. ಆದ್ದರಿಂದ ತಿಳಿದವರು ಒಣಗಿದ ಕೆಸರನ್ನು ಬ್ರಷ್‌ನಿಂದ ಉದುರಿಸಿ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಅದಕ್ಕೆಂದೇ ಇರುವ ದ್ರವದಿಂದ ತೊಳೆದು, ನೆರಳಿನಲ್ಲಿ ಒಣಗಿಸುತ್ತಾರೆ. ನಂತರ ನೀರು ಚಿಮುಕಿಸಿ ನೋಡುತ್ತಾರೆ. ಹನಿ ಮಣಿಯಂತೆ ಉರುಳಿದರೆ ಸರಿ, ಹರಡಿ ಇಂಗಿದರೆ ಮತ್ತೆ ಲೇಪ ಕೊಟ್ಟು, ಹೊಲಿಗೆಗೆ ಬೇರೆಯಾಗಿ ಅಂಟು ಬಳಿಯುತ್ತಾರೆ.

ಇದು ಸಣ್ಣ ವಿಷಯವಲ್ಲ. ಬರೀ ಮೈಯ ಕುದುರೆ ಚಳಿಗೆ ಕೂದಲು ನಿಮಿರಿಸಿ ಒಳಗೆ ಗಾಳಿ ಹಿಡಿದಿಟ್ಟು ಬೆಚ್ಚಗಿರುತ್ತದೆ. ಸೋರುವ ಹೊದಿಕೆಯಡಿ ಕೂದಲು ನೆನೆದು ಮೈಗೆ ಅಂಟಿಕೊಂಡು ಆ ರಕ್ಷಣೆಯೂ ಹೋಗುತ್ತದೆ. ಚರ್ಮ ಬಹುಕಾಲ ಒದ್ದೆಯಾಗಿದ್ದರೆ ಬ್ಯಾಕ್ಟೀರಿಯ ಸೋಂಕಿನಿಂದ ಹಕ್ಕಳೆಗಟ್ಟುವ ರೋಗ ಬರುತ್ತದೆ. ಹೊರಗಿನಿಂದ ನೋಡುವವರಿಗೆ ಹೊದಿಕೆ ಇದೆ, ಕುದುರೆ ಬೆಚ್ಚಗಿದೆ ಎಂದೇ ಕಾಣುತ್ತದೆ. ಕುದುರೆ ತಾನು ನೆನೆದಿದ್ದೇನೆಂದು ಹೇಳಲಾರದು. ದಿನವೂ ಒಮ್ಮೆ ಹೊದಿಕೆಯೊಳಗೆ ಕೈಹಾಕಿ ನೋಡುವವರಿಗಷ್ಟೇ ಅದು ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಈ ಹೊಲಿಗೆಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ನಾವು ಬರೆಯುವ ಒಂದೊಂದು ಭಾಗವೂ ತನ್ನಷ್ಟಕ್ಕೆ ಸರಿಯಿರುತ್ತದೆ, ಎರಡು ಭಾಗ ಕೂಡುವಲ್ಲಿ ತೊಂದರೆ ಹುಟ್ಟುತ್ತದೆ. ಮ್ಯಾಕಿಂಟಾಷ್ ಅವರನ್ನು ನಾನು ಮೆಚ್ಚುವುದು ಬಟ್ಟೆ ಕಂಡುಹಿಡಿದದ್ದಕ್ಕಿಂತ ಹೆಚ್ಚಾಗಿ, ದರ್ಜಿಯ ಮೇಲೆ ತಪ್ಪು ಹೊರಿಸಿ ಕೂರದೆ ಹೊಲಿಗೆಯ ಹೊಣೆಯನ್ನೂ ಅವರ ಕಂಪನಿ ಹೊತ್ತಿತೆಂಬುದಕ್ಕೆ. ನಮ್ಮ ಶಾಲೆಯ ವಿದ್ಯಾರ್ಥಿಗಳು ಮುಂದೆ ಏನನ್ನೇ ಮಾಡಲಿ, ಮನೆ ಕಟ್ಟಲಿ, ಯಂತ್ರ ಮಾಡಲಿ, ಕೊಟ್ಟು ಬಂದ ಮೇಲೂ ಒಂದು ಮಳೆಗಾಲ ಹೋಗಿ ನೋಡಿ ಬರಲಿ. ಎಲ್ಲಿ ಒದ್ದೆಯಾಗಿದೆ ಎಂದು ಕೈಯಿಟ್ಟು ನೋಡಿದವರಿಗೇ ಅದನ್ನು ಸರಿಮಾಡುವ ದಾರಿ ಸಿಗುವುದು.